ದಾಸವಾಳದ ಪಕ್ಕ ಬೆಂಡೆ ಬೇಡ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಹಾರ್ಡಿ ದಾಸವಾಳದ ಬಗ್ಗೆ ಬಂದ ಬರಹ ಓದಿದೆ. ಅದರ ಸುತ್ತ ಯಾವ ಗಿಡ ಹಚ್ಚಿದರೆ ಚೆಂದ ಅಂತ ಒಂದು ಪಟ್ಟಿಯೂ ಇತ್ತು. ಲ್ಯಾವೆಂಡರ್, ಹೋಸ್ಟಾ, ಆಸ್ಟಿಲ್ಬೆ, ರಷ್ಯನ್ ಸೇಜ್. ಓದಿ ಸುಮ್ನೆ ಕೂರಲು ಆಗಲಿಲ್ಲ. ಇವೆಲ್ಲ ಹಿಮ ಬೀಳುವ ಊರಿನ ತೋಟದ ಗಿಡಗಳು. ನಿಮ್ಮ ಪತ್ರಿಕೆ ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿಯಲ್ಲಿ ಮನೆಮನೆಗೆ ಬರುತ್ತದೆ, ಅದರಲ್ಲಿ ಬಂದದ್ದನ್ನು ಜನ ನಂಬುತ್ತಾರೆ, ಮಳೆಗಾಲಕ್ಕೆ ಮುಂಚೆ ನರ್ಸರಿಗೆ ಹೋಗಿ ಅದೇ ಹೆಸರು ಕೇಳುತ್ತಾರೆ, ದುಡ್ಡು ಕೊಟ್ಟು ತರುತ್ತಾರೆ, ತಿಂಗಳೊಳಗೆ ಗಿಡ ಒಣಗಿದ ಮೇಲೆ ತಮ್ಮ ಕೈಗುಣವೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಪಾಪ, ಅವರ ಕೈಗುಣಕ್ಕೆ ಏನೂ ಆಗಿರುವುದಿಲ್ಲ. ಅದಕ್ಕೇ ಈ ಪತ್ರ. ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಆ 'ಹಾರ್ಡಿ' ಅನ್ನುವ ಮಾತು. ಅದನ್ನು ಕೇಳಿದ ಕೂಡಲೇ ನಾವು ಗಟ್ಟಿ ಗಿಡ, ನೀರು ಹಾಕದಿದ್ದರೂ ಬದುಕುವ ಗಿಡ ಅಂತ ತಿಳಿಯುತ್ತೇವೆ. ಅಲ್ಲಿನವರು ಆ ಮಾತು ಆಡುವುದು ಚಳಿಯ ಲೆಕ್ಕದಲ್ಲಿ. ಹಿಮ ಬಿದ್ದು ಮೇಲಿನ ಕಾಂಡವೆಲ್ಲ ಸತ್ತರೂ ಬೇರು ಜೀವ ಹಿಡಿದಿದ್ದು, ಬೇಸಿಗೆ ಹತ್ತಿರ ಬಂದಾಗ ಮತ್ತೆ ಚಿಗುರಿದರೆ ಅದು ಹಾರ್ಡಿ. ಈ ಹೆಸರಿನಲ್ಲಿ ಮಾರುವ ಗಿಡಗಳಲ್ಲಿ ಮುಖ್ಯವಾದದ್ದು ಹಿಬಿಸ್ಕಸ್ ಮೊಶ್ಯೂಟೋಸ್. ಅಮೆರಿಕದ ಪೂರ್ವ ಮತ್ತು ದಕ್ಷಿಣ ಭಾಗದ ಜೌಗು ನೆಲ, ಹೊಳೆ ದಂಡೆ, ಕೆರೆ ದಂಡೆ ಅದರ ತವರು. ಅಂದರೆ ಕಾಲು ನೀರಿನಲ್ಲಿ, ತಲೆ ಬಿಸಿಲಿನಲ್ಲಿ ಇರುವ ಗಿಡ ಅದು. ಚಳಿಗೆ ಗಟ್ಟಿ, ಬಾಯಾರಿಕೆಗೆ ಬಹಳ ನಾಜೂಕು. ಇನ್ನೊಂದು ಇದೆ, ಹಿಬಿಸ್ಕಸ್ ಸಿರಿಯಾಕಸ್. ಹೆಸರಲ್ಲಿ ಸಿರಿಯಾ ಇದ್ದರೂ ಅದರ ಮೂಲ ಚೀನಾದ ಕಡೆಯದು, ದಕ್ಷಿಣ ಕೊರಿಯಾದವರು ಅದನ್ನು ತಮ್ಮ ರಾಷ್ಟ್ರೀಯ ಹೂವು ಅನ್ನುತ್ತಾರೆ. ಅದೂ ಚಳಿ ತಡೆಯುವ ಗಿಡವೇ. ನಾವು ದೇವರಿಗೆ ಏರಿಸುವ ದಾಸವಾಳ, ರೋಸಾ ಸಿನೆನ್ಸಿಸ್, ಹಿಮ ಬಿದ್ದರೆ ಸಾಯುತ್ತದೆ. ಆದರೆ ನಮ್ಮ ಬಿಸಿಲಿಗೆ ಅದೇ ಎಷ್ಟೋ ಗಟ್ಟಿ. ಒಂದೇ ಮನೆತನದ ಮೂರು ಗಿಡ, ಮೂರಕ್ಕೂ ಬೇರೆ ಬೇರೆ ನೀರಡಿಕೆ. ಹೀಗಿರುವಾಗ ಮೂರಕ್ಕೂ ಒಂದೇ ಪಟ್ಟಿಯ ಜೊತೆಗಿಡ ಹೇಗೆ ಹೊಂದುತ್ತದೆ ಹೇಳಿ.

ನಾನೂ ಆ ಮಾತಿಗೆ ಮೋಸ ಹೋಗಿದ್ದೇನೆ. ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಒಂದು ಮೊಶ್ಯೂಟೋಸ್ ಗಿಡ ತರಿಸಿದೆ. ಜೊತೆಗೆ ಬಂದ ಚೀಟಿಯಲ್ಲಿ ಹಾರ್ಡಿ, ಆರೈಕೆ ಕಡಿಮೆ ಸಾಕು ಅಂತ ಇತ್ತು. ಅದನ್ನೇ ನಂಬಿ ಕಾಂಪೌಂಡಿನ ಒಣ ಮೂಲೆಯಲ್ಲಿ ಲೋಳೆಸರ ಮತ್ತು ಬೋಗನ್‌ವಿಲ್ಲಾ ನಡುವೆ ಹಚ್ಚಿದೆ. 15 ದಿನಕ್ಕೆ ಎಲೆಯ ಅಂಚು ಕಂದಾಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯತೊಡಗಿತು. ಗಾಬರಿಯಾಗಿ ದಿನಾ ನೀರು ಸುರಿದೆ. ದಾಸವಾಳ ಸ್ವಲ್ಪ ತಲೆ ಎತ್ತಿತು, ಆದರೆ ಲೋಳೆಸರದ ಬುಡ ಕೊಳೆತು ಹೋಯಿತು, ಬೋಗನ್‌ವಿಲ್ಲಾ ಬರೀ ಎಲೆ ಬಿಟ್ಟು ಹೂ ನಿಲ್ಲಿಸಿತು. ಒಂದು ಗಿಡಕ್ಕೆ ಊಟ ಹಾಕಿದರೆ ಪಕ್ಕದ್ದಕ್ಕೆ ವಿಷ ಆಗುವ ಪರಿಸ್ಥಿತಿ. ಆವತ್ತೇ ನನಗೆ ಗೊತ್ತಾಯಿತು, ಜೊತೆಗಿಡ ಅಂದರೆ ಬಣ್ಣಕ್ಕೆ ಬಣ್ಣ ಹೊಂದಿಸುವ ಕೆಲಸಕ್ಕಿಂತ ಮುಂಚೆ ನೀರಿಗೆ ನೀರು ಹೊಂದಿಸುವ ಕೆಲಸ.

ನಮ್ಮ ಅತ್ತೆಯವರು ಆ ಗಿಡ ನೋಡಿ ಒಂದೇ ಮಾತು ಹೇಳಿದರು. "ಇದಕ್ಕ ನೀರ ಬೇಕವಾ, ಕಾಬಾಳಿ ಇರೂ ಕಡೆ ಹಚ್ಚು." ಅಡುಗೆ ಮನೆಯ ಹಿಂದೆ ನೀರು ಹರಿದು ಬಂದು ನಿಲ್ಲುವ ಒಂದು ತಗ್ಗು ಇದೆ. ಅಲ್ಲಿ ಕಾಬಾಳೆ, ಅಂದರೆ ಕ್ಯಾನಾ, ಮತ್ತು ಕೆಸು ತಮ್ಮಷ್ಟಕ್ಕೆ ಬೆಳೆದುಕೊಂಡಿದ್ದವು. ಮಣ್ಣಿನ ಹೆಂಟೆ ಸಮೇತ ದಾಸವಾಳ ಎತ್ತಿ ಅಲ್ಲಿಗೆ ತಂದೆ. ತರಕಾರಿ ತೊಳೆದದ್ದು, ಅಕ್ಕಿ ತೊಳೆದದ್ದು, ಆ ನೀರು ಮಾತ್ರ ಆ ಕಡೆ ಬಿಟ್ಟೆ. ಬಟ್ಟೆ ಒಗೆದ ಪುಡಿ ನೀರು ಬಿಡಬಾರದು, ಅದರ ಉಪ್ಪು ಮೊದಲೇ ಸವಳಿರುವ ನಮ್ಮ ಮಣ್ಣಿಗೆ ಇನ್ನೂ ಹೊರೆ. ಮೇಲೆ ಜೋಳದ ಕಣಿಕೆ ಕತ್ತರಿಸಿ ನಾಲ್ಕು ಬೆರಳು ದಪ್ಪ ಹಾಸಿದೆ. ಹೋದ ವರ್ಷ ಮಳೆಗಾಲದಲ್ಲಿ ಮೊದಲ ಹೂ ಬಿಟ್ಟಿತು. ಮಗಳ ಸ್ಕೇಲು ತಂದು ಅಳೆದೆ, 21 ಸೆಂಟಿಮೀಟರ್. ನಮ್ಮ ಮನೆಯ ಜೋಳದ ರೊಟ್ಟಿಯಷ್ಟು ಅಗಲ. ಬೆಳಿಗ್ಗೆ ಅರಳಿದ್ದು ಮರುದಿನಕ್ಕೆ ಮುದುಡಿತು, ಹೆಚ್ಚಿನ ದಾಸವಾಳದ ಹಾಗೆ ಅದರದ್ದೂ ಒಂದೇ ದಿನದ ಬಾಳು. ಆದರೆ ಆ ಒಂದು ದಿನ ಓಣಿಯ ಅರ್ಧ ಜನ ಬಂದು ನೋಡಿ ಹೋದರು.

ಕಾಬಾಳೆ, ಕೆಸು ಏಕೆ ಹೊಂದಿದವು ಅಂದರೆ ಮೂರಕ್ಕೂ ಒಂದೇ ಆಸೆ, ಹಸಿ ಮಣ್ಣು. ಕೆಸುವಿನ ಅಗಲ ಎಲೆ ನೆಲಕ್ಕೆ ನೆರಳು ಹಿಡಿದು ತೇವ ಉಳಿಸುತ್ತದೆ. ಕಾಬಾಳೆ ಎತ್ತರ ನಿಂತು ಬಿಸಿ ಗಾಳಿಯ ಹೊಡೆತ ತಗ್ಗಿಸುತ್ತದೆ. ಎರಡೂ ನಮ್ಮಲ್ಲಿ ಪುಕ್ಕಟೆ ಸಿಗುತ್ತವೆ, ಯಾರ ಹಿತ್ತಿಲಲ್ಲಿ ಕೇಳಿದರೂ ಒಂದು ಗೆಡ್ಡೆ ಕಿತ್ತು ಕೊಡುತ್ತಾರೆ. ಕಾಬಾಳೆ ಮಾತ್ರ ಬಹಳ ಹಬ್ಬುತ್ತದೆ, ವರ್ಷಕ್ಕೊಮ್ಮೆ ಗೆಡ್ಡೆ ಕಿತ್ತು ಕಡಿಮೆ ಮಾಡಬೇಕು, ಇಲ್ಲದಿದ್ದರೆ ದಾಸವಾಳದ ಬೇರಿಗೆ ಜಾಗ ಉಳಿಯುವುದಿಲ್ಲ.

ಇನ್ನೊಂದು ವಿಷಯ ಆ ಬರಹದಲ್ಲಿ ಇರಲೇ ಇಲ್ಲ. ಮೊಶ್ಯೂಟೋಸ್ ಚಳಿಗಾಲದಲ್ಲಿ ನಿದ್ದೆ ಹೋಗುತ್ತದೆ. ನಮ್ಮಲ್ಲಿ ಹಿಮ ಇಲ್ಲ, ಆದರೂ ಡಿಸೆಂಬರ್ ಹೊತ್ತಿಗೆ ನನ್ನ ಗಿಡದ ಕಾಂಡ ಒಣಗಿ ಬರೀ ಕಡ್ಡಿ ಉಳಿಯಿತು. ಕೆಲಸಕ್ಕೆ ಬರುವ ಅಜ್ಜಿ ಸತ್ತಿದೆ ಅಂತ ಕೀಳಲು ಹೊರಟಿದ್ದರು, ನಾನು ನೋಡಿ ತಡೆದೆ. ಫೆಬ್ರವರಿ ಕೊನೆಗೆ ಬುಡದಿಂದ ಮೊಳಕೆ ಬಂತು. ಹಾಗಾಗಿ ಅದರ ಹತ್ತಿರ ಆ ತಿಂಗಳುಗಳಲ್ಲಿ ಹೂ ಬಿಡುವ ಒಂದು ಗಿಡ ಇರಬೇಕು. ಮೂಲೆ ಬೋಳು ಕಾಣುವುದಿಲ್ಲ, ಯಾರೂ ಗೊತ್ತಿಲ್ಲದೆ ಅಗೆಯುವುದೂ ಇಲ್ಲ. ನಾನು ಶಾವಂತಿಗೆ ಹಚ್ಚಿದ್ದೇನೆ. ಹಗಲು ಚಿಕ್ಕದಾದಾಗ ಮೊಗ್ಗು ಕಟ್ಟುವ ಗಿಡ ಅದು, ದಾಸವಾಳ ಮಲಗುವ ಹೊತ್ತಿಗೆ ಇದು ಏಳುತ್ತದೆ. ಆದರೆ ಶಾವಂತಿಗೆಗೆ ನೀರು ನಿಂತರೆ ಆಗದು, ತಗ್ಗಿನ ಮೇಲಿನ ದಂಡೆಯಲ್ಲಿ ಹಚ್ಚಬೇಕು, ಒಳಗೆ ಅಲ್ಲ.

ಈಗ ಮಣ್ಣಿಗೆ ಬರುತ್ತೇನೆ. ನನ್ನ ತವರು ಬೆಳಗಾವಿ, ಗಂಡನ ಮನೆ ವಿಜಯಪುರ, ತಂಗಿಯ ಮನೆ ಬಾಗಲಕೋಟೆಯ ನವನಗರ. ಮೂರು ಅಂಗಳದಲ್ಲೂ ಒಂದೇ ತಾಯಿಗಿಡದ ಕಡ್ಡಿಯಿಂದ ಬಂದ ಕೆಂಪು ದಾಸವಾಳ ಇದೆ, ನಮ್ಮ ಅವ್ವ ಕೊಟ್ಟದ್ದು. ಮೂರೂ ಬೇರೆ ಬೇರೆ ಊರಿನ ಗಿಡ ಅನ್ನಿಸುವಷ್ಟು ವ್ಯತ್ಯಾಸ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಅವ್ವನ ಹಿತ್ತಿಲಲ್ಲಿ ಕೆಂಪು ಮಣ್ಣು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದೇ ಕಡಿಮೆ. ಅಲ್ಲಿ ದಾಸವಾಳದ ಬುಡದಲ್ಲಿ ಕರ್ಣಕುಂಡಲ, ಜರಿಗಿಡ, ಇಕ್ಸೋರಾ ಎಲ್ಲ ಬರುತ್ತವೆ. ವಿಜಯಪುರಕ್ಕೆ ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸು ಮಳೆ, ಬೆಳಗಾವಿ ನಗರಕ್ಕೆ ಅದರ ಸುಮಾರು ಎರಡು ಪಟ್ಟು. ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುವ ಕೆಸರು, ಅಗೆದರೆ ಬಿಳಿ ಸುಣ್ಣದ ಹರಳು. ತಂಗಿಯ ಅಂಗಳದಲ್ಲಿ ಒಂದಡಿ ಅಗೆಯುವಷ್ಟರಲ್ಲಿ ಗರಸು, ಅಂದರೆ ಕಲ್ಲುಹರಳಿನ ಮಣ್ಣು, ತಗಲುತ್ತದೆ, ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಇರುವುದಿಲ್ಲ.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅವ್ವನ ಹಿತ್ತಿಲಿನ ಹಾಗೇ ಇಲ್ಲೂ ಮಾಡಬೇಕು ಅಂತ ದಾಸವಾಳದ ಪಕ್ಕ ಇಕ್ಸೋರಾ, ಗಾರ್ಡೇನಿಯಾ ಹಚ್ಚಿದ್ದೆ. ಆರು ತಿಂಗಳಲ್ಲಿ ಎರಡರ ಚಿಗುರೂ ಹಳದಿ, ನರ ಮಾತ್ರ ಹಸಿರು. ಗೊಬ್ಬರ ಕಡಿಮೆಯಾಗಿದೆ ಅಂತ ಗೊಬ್ಬರ ಹಾಕಿದೆ, ಏನೂ ಬದಲಾಗಲಿಲ್ಲ. ಸುಣ್ಣ ಜಾಸ್ತಿ ಇರುವ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಎಟುಕುವುದಿಲ್ಲ, ಅದು ಆಮೇಲೆ ಗೊತ್ತಾಯಿತು. ಎಲೆ ಹಳದಿಯಾದಾಗ ಎಲ್ಲಿಂದ ಶುರುವಾಯಿತು ಅಂತ ನೋಡಬೇಕು. ತುದಿಯ ಎಳೆ ಎಲೆ ಹಳದಿಯಾಗಿ ನರ ಹಸಿರಾಗಿದ್ದರೆ ಅದು ಸುಣ್ಣದ ಕಾಟ. ಬುಡದ ಹಳೆ ಎಲೆ ಹಳದಿಯಾಗಿ ಉದುರಿದರೆ ಹೆಚ್ಚಾಗಿ ನೀರಿನ ಏರುಪೇರು. ದಾಸವಾಳಕ್ಕೂ ಈ ಸುಣ್ಣದ ಕಾಟ ಇದೆ, ಆದರೆ ಕೊಟ್ಟಿಗೆ ಗೊಬ್ಬರ, ಎಲೆ ಗೊಬ್ಬರ ಸಾಕಷ್ಟು ಹಾಕಿದರೆ ತಡೆದುಕೊಳ್ಳುತ್ತದೆ. ಇಕ್ಸೋರಾ, ಗಾರ್ಡೇನಿಯಾ ತಡೆಯುವುದಿಲ್ಲ. ಬೆಳಗಾವಿಯವರು ಹಚ್ಚಲಿ, ವಿಜಯಪುರದವರು ಆಸೆ ಬಿಡುವುದೇ ಒಳ್ಳೆಯದು. ಎರೆಮಣ್ಣಿನಲ್ಲಿ ಗುಂಡಿ ತೋಡಿ ಒಳಗೆ ಮಾತ್ರ ಸಡಿಲ ಮಣ್ಣು ತುಂಬಿದರೆ ಅದು ಮಳೆಗಾಲದಲ್ಲಿ ಬಾನಿಯ ಹಾಗೆ ನೀರು ಹಿಡಿದು ಬೇರು ಕೊಳೆಸುತ್ತದೆ. ನಾನು ಮಸಾರಿ ಅನ್ನುವ ಕೆಂಪು ಮಣ್ಣು, ಗೊಬ್ಬರ ಸೇರಿಸಿ ಒಂದಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ಕೆಂಪು ದಾಸವಾಳ ಹಚ್ಚಿದ್ದೇನೆ. ದಿಬ್ಬದ ಇಳಿಜಾರಿನಲ್ಲಿ ದೊಡ್ಡಪತ್ರೆ ಬಿಟ್ಟಿದ್ದೇನೆ. ಅದು ಬೇರು ಆಳಕ್ಕೆ ಬಿಡುವುದಿಲ್ಲ, ನೆಲ ಮುಚ್ಚುತ್ತದೆ, ದಾಸವಾಳದ ಬಿದ್ದ ನೆರಳಲ್ಲೇ ಬದುಕುತ್ತದೆ, ಕೆಮ್ಮು ಬಂದಾಗ ಮಕ್ಕಳಿಗೂ ಆಗುತ್ತದೆ.

ಇನ್ನು ಶೀರ್ಷಿಕೆಯಲ್ಲಿ ಬರೆದ ಬೆಂಡೆಯ ವಿಷಯ. ನಿಮ್ಮ ಬರಹದಲ್ಲಿ ಹೂವಿನ ಜೊತೆ ತರಕಾರಿಯೂ ಬೆಳೆಯಿರಿ, ಬೆಂಡೆಯ ಹೂ ದಾಸವಾಳಕ್ಕೆ ಒಪ್ಪುತ್ತದೆ ಅಂತ ಒಂದು ಸಾಲು ಇತ್ತು. ಹೂ ಒಪ್ಪುವುದು ನಿಜ. ಒಂದೇ ಮುಖಚರ್ಯೆ, ಏಕೆಂದರೆ ಒಂದೇ ಬಳಗ. ದಾಸವಾಳ, ಬೆಂಡೆ, ಹತ್ತಿ, ನಾವು ಪಲ್ಯ ಮಾಡುವ ಪುಂಡಿ, ಎಲ್ಲ ಒಂದೇ ಮನೆಯವು. ಬಳಗ ಒಂದೇ ಆದ ಮೇಲೆ ಹತ್ತುವ ಹುಳವೂ ಒಂದೇ. ಹಿಟ್ಟು ತಿಗಣೆ ಅನ್ನುತ್ತಾರಲ್ಲ, ನಮ್ಮ ಓಣಿಯಲ್ಲಿ ಬಿಳಿ ಹುಳ ಅನ್ನುತ್ತಾರೆ, ಅದಕ್ಕೆ ಬೆಂಡೆ ಅಡುಗೆ ಮನೆ ಇದ್ದ ಹಾಗೆ. 2005ರ ಆಸುಪಾಸಿನಲ್ಲಿ ಗುಜರಾತ್, ಪಂಜಾಬ್ ಕಡೆಯ ಹತ್ತಿ ಹೊಲಗಳಲ್ಲಿ ಒಂದು ಹೊಸ ಹಿಟ್ಟು ತಿಗಣೆ ಬಂದು ದೊಡ್ಡ ನಷ್ಟ ಮಾಡಿತು. ಉತ್ತರ ಅಮೆರಿಕದಿಂದ ಬಂದ ಜಾತಿ ಅದು. ಅದೇ ಈಗ ದಾಸವಾಳದ ಮೇಲೂ ಇದೆ, ಬೆಂಡೆಯ ಮೇಲೂ ಇದೆ, ರಸ್ತೆ ಪಕ್ಕದ ಕಾಂಗ್ರೆಸ್ ಕಸದ ಮೇಲೂ ಇದೆ. ಬೆಂಡೆಗೆ ಬರುವ ಹಳದಿ ನಂಜು ರೋಗವನ್ನು ಹೊತ್ತು ತಿರುಗುವ ಬಿಳಿ ನೊಣವೂ ದಾಸವಾಳದ ಎಲೆಯ ಅಡಿ ಕೂರುತ್ತದೆ.

ಮೂರು ವರ್ಷದ ಹಿಂದೆ ನಾನು ಜಾಗ ಉಳಿಸಲು ದಾಸವಾಳದ ಸಾಲಿನ ನಡುವೆ ಬೆಂಡೆ ಬೀಜ ಹಾಕಿದ್ದೆ. ಅತ್ತೆ ಆಗಲೇ ಬೇಡ ಅಂದಿದ್ದರು. "ಬೆಂಡಿ ದಾಸಾಳದ ಬಾಜೂಕ ಹಚ್ಚಬ್ಯಾಡ, ಹುಳ ಹತ್ತತಾವ." ಕೇಳಲಿಲ್ಲ. ಬೆಂಡೆ ಕಾಯಿ ಎರಡು ವಾರ ತಿಂದೆವು. ಆಮೇಲೆ ಬೆಂಡೆಯ ತುದಿಯಲ್ಲಿ ಹತ್ತಿಯ ಎಳೆ ಅಂಟಿದ ಹಾಗೆ ಕಂಡಿತು, ವಾರದೊಳಗೆ ದಾಸವಾಳದ ಮೊಗ್ಗಿನ ಕೊರಳಿಗೆ ಬಂತು, ಚಿಗುರು ಮುರುಟಿ ಮುದ್ದೆಯಾಯಿತು, ಎಲೆಯ ಮೇಲೆ ಅಂಟು, ಅಂಟಿನ ಮೇಲೆ ಕಪ್ಪು ಬೂಷ್ಟು, ಇರುವೆ ಸಾಲು ಮಾತ್ರ ಹಬ್ಬಕ್ಕೆ ಹೊರಟ ಹಾಗೆ ಹತ್ತಿ ಇಳಿಯುತ್ತಿತ್ತು. ಇರುವೆ ಆ ಸಿಹಿ ಅಂಟಿಗಾಗಿ ಹುಳವನ್ನು ಕಾಯುತ್ತದೆ, ಅದನ್ನು ತಿನ್ನಲು ಬಂದ ಒಳ್ಳೆಯ ಹುಳವನ್ನು ಓಡಿಸುತ್ತದೆ. ಮೊದಲು ಇರುವೆ ನಿಲ್ಲಿಸದೆ ಬೇರೆ ಏನು ಮಾಡಿದರೂ ಉಪಯೋಗ ಕಡಿಮೆ.

ಇಲ್ಲಿ ಒಂದು ಸಂಗತಿ ಎಲ್ಲರಿಗೂ ತಿಳಿಯಬೇಕು. ನಾನು ಹಳೆ ಹಲ್ಲಿನ ಬ್ರಷ್ ತೆಗೆದುಕೊಂಡು ಸೋಪಿನ ನೀರಿನಲ್ಲಿ ಅದ್ದಿ ಬಿಳಿ ಕಂಡದ್ದನ್ನೆಲ್ಲ ಉಜ್ಜುತ್ತಿದ್ದೆ. ಪಕ್ಕದ ಮನೆಯ ಹುಡುಗ ತೋಟಗಾರಿಕೆ ಓದುತ್ತಾನೆ, ರಜೆಗೆ ಬಂದಿದ್ದ. "ಕಾಕೂ, ತಡೀರಿ, ಅದನ್ನ ಕೊಲ್ಲಬ್ಯಾಡ್ರಿ" ಅಂದ. ಒಂದು ಎಲೆ ಕಿತ್ತು ಅಂಗೈ ಮೇಲೆ ಇಟ್ಟು ತೋರಿಸಿದ. ಹಿಟ್ಟು ತಿಗಣೆ ಮೂರ್ನಾಲ್ಕು ಮಿಲಿಮೀಟರ್ ಇರುತ್ತದೆ, ಮುಟ್ಟಿದರೂ ಅಲ್ಲೇ ಬಿದ್ದಿರುತ್ತದೆ. ಅದರ ನಡುವೆ ಇನ್ನೊಂದು ಬಿಳಿ ಹುಳ ಇತ್ತು, ಮೂರು ಪಟ್ಟು ಉದ್ದ, ಮೈ ತುಂಬ ಮೇಣದ ಉದ್ದುದ್ದ ಎಳೆ, ಕಡ್ಡಿ ತಾಗಿಸಿದ ಕೂಡಲೇ ಸರಸರ ಓಡಿತು. ಅದು ಹಿಟ್ಟು ತಿಗಣೆಯನ್ನು ತಿನ್ನುವ ಕ್ರಿಪ್ಟೋಲೀಮಸ್ ಅನ್ನುವ ಗುಲಗಂಜಿ ಹುಳದ ಮರಿ. ಆಸ್ಟ್ರೇಲಿಯಾದ ಜಾತಿ, 1898ರಲ್ಲಿ ನಮ್ಮ ದೇಶಕ್ಕೆ ತಂದದ್ದು. ವೇಷ ಹಾಕಿಕೊಂಡು ಶತ್ರುವಿನ ನಡುವೆಯೇ ಕೂತು ತಿನ್ನುತ್ತದೆ. ನಾನು ನಾಲ್ಕು ದಿನದಿಂದ ನನ್ನ ಕಡೆಯ ಸಿಪಾಯಿಗಳನ್ನೇ ಉಜ್ಜಿ ಸಾಯಿಸುತ್ತಿದ್ದೆ. ಆವತ್ತು ರಾತ್ರಿ ಊಟ ಸೇರಲಿಲ್ಲ.

ಆ ಹುಳ ಬರಬೇಕಾದರೆ, ಬಂದದ್ದು ನಿಲ್ಲಬೇಕಾದರೆ ಅಂಗಳದಲ್ಲಿ ಅದಕ್ಕೂ ಏನಾದರೂ ಬೇಕು. ನನ್ನ ಮಟ್ಟಿಗೆ ದಾಸವಾಳದ ಅತಿ ಒಳ್ಳೆಯ ಜೊತೆಗಿಡ ಇಲ್ಲಿದೆ, ಸಬ್ಬಸಿಗೆ. ನಾವು ರೊಟ್ಟಿ ಜೊತೆ ಹಸಿಯಾಗೇ ತಿನ್ನುವ ಸಬ್ಬಸಿಗೆ. ಎಲ್ಲ ಕೊಯ್ಯದೆ ನಾಲ್ಕು ಗಿಡ ಹೂವಿಗೆ ಬಿಡಿ. ಕೊಡೆ ಬಿಚ್ಚಿದ ಹಾಗೆ ಹಳದಿ ಗೊಂಚಲು ಬರುತ್ತದೆ. ಒಂದೊಂದು ಹೂವೂ ಸಾಸಿವೆಯಷ್ಟು, ಸಣ್ಣ ಬಾಯಿಯ ಹುಳಕ್ಕೂ ಮಕರಂದ ಎಟುಕುತ್ತದೆ. ಗುಲಗಂಜಿ ಹುಳ, ಹೂನೊಣ, ಹಿಟ್ಟು ತಿಗಣೆಯ ಹೊಟ್ಟೆಯಲ್ಲೇ ಮೊಟ್ಟೆ ಇಡುವ ಇರುವೆಗಿಂತ ಸಣ್ಣ ಕಣಜ, ಎಲ್ಲ ಅಲ್ಲಿಗೆ ಬರುತ್ತವೆ. ಕೊತ್ತಂಬರಿಯೂ ಆಗುತ್ತದೆ, ಬಡೇಸೋಪೂ ಆಗುತ್ತದೆ. ಬಿಸಿಲು ಹೆಚ್ಚಾದರೆ ಕೊತ್ತಂಬರಿ ಬೇಗ ಹೂವಿಗೆ ಬರುತ್ತದೆ ಅಂತ ನಾವು ಬೇಜಾರು ಮಾಡಿಕೊಳ್ಳುತ್ತೇವಲ್ಲ, ಈ ಕೆಲಸಕ್ಕೆ ಅದೇ ಬೇಕು. ಆ ಕಣಜ ಹೊಕ್ಕ ಹಿಟ್ಟು ತಿಗಣೆ ಕಂದಾಗಿ, ಗಟ್ಟಿಯಾಗಿ, ಸಣ್ಣ ಕಾಳಿನ ಹಾಗೆ ಎಲೆಗೆ ಅಂಟಿಕೊಂಡಿರುತ್ತದೆ. ಅಂಥದ್ದು ಕಂಡರೆ ಒರೆಸಬೇಡಿ, ಔಷಧಿ ಹೊಡೆಯಬೇಡಿ. ಒಳಗೆ ಮುಂದಿನ ಕಣಜ ಇದೆ. ತೀರಾ ಅನಿವಾರ್ಯ ಆದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಸ್ವಲ್ಪ ಸೋಪು, ಸಂಜೆ ಹೊತ್ತು, ಹುಳ ಇದ್ದ ಕೊಂಬೆಗೆ ಮಾತ್ರ.

ಬೆಂಡೆ, ಪುಂಡಿ ಬೆಳೆಯಲೇಬೇಡಿ ಅನ್ನುತ್ತಿಲ್ಲ. ಪುಂಡಿ ಪಲ್ಯ ಇಲ್ಲದೆ ನಮ್ಮ ಮನೆಯಲ್ಲಿ ವಾರ ಕಳೆಯುವುದಿಲ್ಲ. ಅಂಗಳದ ಇನ್ನೊಂದು ತುದಿಗೆ ಬೆಳೆಯಿರಿ. ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ, ಹಿಟ್ಟು ತಿಗಣೆಯ ಮರಿ ಗಾಳಿಯಲ್ಲೇ ತೇಲಿ ಬರುತ್ತದೆ. ಹಾಗಾಗಿ ದಾಸವಾಳ ಪಡುವಣಕ್ಕೆ, ಬೆಂಡೆ ಮೂಡಣಕ್ಕೆ ಇರಲಿ. ನಡುವೆ ಒಂದು ಸಾಲು ಮಜ್ಜಿಗೆ ಹುಲ್ಲು ಹಚ್ಚಿದರೆ ಚಹಾಕ್ಕೂ ಆಯಿತು, ಅಡ್ಡಗೋಡೆಯೂ ಆಯಿತು.

ಚೆಂಡು ಹೂವಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ಬೇರಿನಲ್ಲಿ ಗಂಟು ಕಟ್ಟುವ ಜಂತುವನ್ನು ಅದು ತಗ್ಗಿಸುತ್ತದೆ, ನಿಜ. ಆದರೆ ಮೂಲೆಗೊಂದು ಗಿಡ ಹಚ್ಚಿದರೆ ಆಗುವುದಿಲ್ಲ, ಒತ್ತಾಗಿ ಹಚ್ಚಿ ಎರಡು ಮೂರು ತಿಂಗಳು ಅಲ್ಲೇ ಬಿಡಬೇಕು. ಹೇಗೂ ದಸರಾ, ದೀಪಾವಳಿಗೆ ಹೂ ಬೇಕಲ್ವಾ, ಜೂನ್ ಜುಲೈಯಲ್ಲಿ ದಾಸವಾಳದ ಮುಂದೆ ಒಂದು ಪೂರ್ತಿ ಪಟ್ಟೆಯಾಗಿ ಹಚ್ಚಿಬಿಡಿ.

ನವನಗರದ ತಂಗಿಯ ಗರಸು ನೆಲಕ್ಕೆ ಮೊಶ್ಯೂಟೋಸ್ ಬೇಡವೇ ಬೇಡ ಅಂದೆ. ಅಷ್ಟು ನೀರು ಎಲ್ಲಿಂದ ತರುವುದು. ಅವಳು ಕೆಂಪು ದಾಸವಾಳದ ಜೊತೆ ಸದಾಪುಷ್ಪ ಮತ್ತು ಗುಲಬಾಕ್ಷಿ ಹಚ್ಚಿದ್ದಾಳೆ, ಎರಡೂ ನೀರು ಕಡಿಮೆಯಾದರೂ ಮುಖ ಬಾಡಿಸುವುದಿಲ್ಲ. ಗುಲಬಾಕ್ಷಿ ನನಗೆ ಬಹಳ ಇಷ್ಟ. ಸಂಜೆ ನಾಲ್ಕು ಐದಕ್ಕೆ ದಾಸವಾಳ ಸೋತು ಸುರುಟುವ ಹೊತ್ತಿಗೆ ಸರಿಯಾಗಿ ಅದು ಅರಳುತ್ತದೆ. ಕೆಲಸದಿಂದ ದಣಿದು ಬಂದವರಿಗೆ ಅಂಗಳ ಮತ್ತೆ ತುಂಬಿರುತ್ತದೆ. ಪಡುವಣ ಬದಿಗೆ ಒಂದು ನುಗ್ಗೆ ಹಾಕಿದ್ದಾಳೆ. ದಾಸವಾಳಕ್ಕೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು ಅನ್ನುವುದು ಸರಿ, ಆದರೆ ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನದಲ್ಲಿ ಮೊಗ್ಗು ಅರಳುವ ಮೊದಲೇ ಉದುರುತ್ತದೆ. ನುಗ್ಗೆಯ ನೆರಳು ಜರಡಿ ಹಿಡಿದ ಹಾಗೆ, ಬಿಸಿಲನ್ನು ಪೂರ್ತಿ ತಡೆಯುವುದಿಲ್ಲ. ಬೇವಿನ ಮರದ ಕೆಳಗೆ ಹಚ್ಚಿದರೆ ನೆರಳು ದಟ್ಟವಾಗಿ ಹೂವೇ ಬರುವುದಿಲ್ಲ, ನೀರೂ ಬೇವಿನ ಬೇರಿನ ಪಾಲು.

ಕಣಗಿಲೆ ಒಂದನ್ನು ಮಾತ್ರ ಶಾಲೆಯ ಅಂಗಳದಲ್ಲಿ ದಾಸವಾಳದ ಪಕ್ಕ ಹಚ್ಚಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಬಣ್ಣ ಹೊಂದುತ್ತದೆ, ಬಿಸಿಲು ತಡೆಯುತ್ತದೆ, ದನ ಮುಟ್ಟುವುದಿಲ್ಲ, ಎಲ್ಲ ಸರಿ. ದನ ಮುಟ್ಟದಿರುವುದು ಅದರ ಎಲೆ, ಹೂ, ಕಡ್ಡಿ ಎಲ್ಲ ವಿಷ ಆದ್ದರಿಂದ. ಮಕ್ಕಳು ದಾಸವಾಳ ಕಿತ್ತು ತೊಟ್ಟಿನ ಹತ್ತಿರದ ಸಿಹಿ ಹೀರುತ್ತಾರೆ, ನಾವೂ ಹೀರಿದವರೇ. ಅದೇ ಕೈ ಪಕ್ಕದ ಗುಲಾಬಿ ಬಣ್ಣದ ಹೂವಿಗೂ ಹೋಗುತ್ತದೆ.

ನಮ್ಮ ಬಡಾವಣೆಯ ಉದ್ಯಾನದಲ್ಲಿ ಹೋದ ವರ್ಷ ಬೇಲಿ ಉದ್ದಕ್ಕೂ ಬರೀ ದಾಸವಾಳ ಹಚ್ಚಿದರು, ನಡುವೆ ಬೇರೆ ಒಂದು ಗಿಡ ಇಲ್ಲ. ಮಳೆ ನಿಂತ ಮೇಲೆ ಒಂದು ತುದಿಗೆ ಹಿಟ್ಟು ತಿಗಣೆ ಬಂತು, ಸಂಕ್ರಾಂತಿ ಹೊತ್ತಿಗೆ ಇನ್ನೊಂದು ತುದಿ ಮುಟ್ಟಿತು. ಈಗ ಬರೀ ಕಡ್ಡಿ ನಿಂತಿವೆ. ನಾಲ್ಕಕ್ಕೊಂದು ಬೇರೆ ಜಾತಿಯ ಗಿಡ ಇದ್ದಿದ್ದರೆ ಅಷ್ಟು ಸಲೀಸಾಗಿ ದಾಟುತ್ತಿರಲಿಲ್ಲ.

ಸಂಪಾದಕರೇ, ನನ್ನ ಕೋರಿಕೆ ಇಷ್ಟು. 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ ನಮ್ಮ ಬಾಗಲಕೋಟೆಯಲ್ಲೇ ಇದೆ, ಅದರ ಕಾಲೇಜು ಗೋಕಾಕದ ಹತ್ತಿರ ಅರಭಾವಿಯಲ್ಲಿದೆ. ಎರೆಮಣ್ಣು, ಮಸಾರಿ, ಗರಸು, ಸವಳು ನೀರು, ಎಲ್ಲ ಕಂಡವರು ಅಲ್ಲಿ ಇದ್ದಾರೆ. ಅವರಿಂದ ಬರೆಸಿ. ಮನೆಯಂಗಳದ ಹೂವಿನ ಗಿಡಕ್ಕೆ ನಮ್ಮ ಮೂರು ಜಿಲ್ಲೆಯ ಒಂದೊಂದು ಮಣ್ಣಿಗೆ ಯಾವ ಜೊತೆಗಿಡ, ಎಷ್ಟು ದೂರದಲ್ಲಿ, ಎಷ್ಟು ನೀರಿಗೆ ಅಂತ ವಾರಕ್ಕೊಂದು ಮಣ್ಣು ತೆಗೆದುಕೊಂಡು ಅರ್ಧ ಪುಟ ಕೊಟ್ಟರೂ ಸಾಕು. ಕಣಿಕೆ, ರವದಿ, ಸಬ್ಬಸಿಗೆ, ಗುಲಬಾಕ್ಷಿ ಅಂತ ನಾವು ಕರೆಯುವ ಹೆಸರಿನಲ್ಲೇ ಬರೆಯಲಿ. ಈ ತಿಂಗಳ ಕೊನೆಗೆ ರೋಹಿಣಿ ಮಳೆ, ಅದರ ಬೆನ್ನಿಗೆ ಮಿರಗ, ಅಂದರೆ ಮೃಗಶಿರಾ ಮಳೆ. ನಮ್ಮ ಕಡೆ ಜನ ಗಿಡ ಹಚ್ಚುವುದು ಆಗಲೇ. ಅದಕ್ಕೆ ಮುಂಚಿನ ಎರಡು ಭಾನುವಾರ ಇನ್ನೂ ಕೈಯಲ್ಲಿವೆ.

ನಿಮ್ಮ ಓದುಗಿ,
ವಿಜಯಪುರ